ಎಣ್ಣೆ ಬಿಡದ ಕಲ್ಲು

ನಾನು ಒಂದು ಕಲ್ಲು. ನಿಮ್ಮಲ್ಲಿ ಇದು ಬೈಗುಳ. ಅಳದ ಹೆಂಗಸನ್ನು ಕಲ್ಲು ಎನ್ನುತ್ತೀರಿ. ಕೇಳಿದ್ದಕ್ಕೆ ಉತ್ತರ ಕೊಡದವಳನ್ನೂ ಕಲ್ಲು ಎನ್ನುತ್ತೀರಿ. ಅನ್ನಿ, ನನಗೇನೂ ಬೇಸರವಿಲ್ಲ. ಆದರೆ ಅನ್ನುವ ಮೊದಲು ಕಲ್ಲು ಹೇಗೆ ಕಲ್ಲಾಯಿತು, ಯಾರಿಗೆ ಏನು ಕೊಟ್ಟಿತು, ಯಾರಿಗೆ ಕೊಡಲಿಲ್ಲ ಎಂಬುದನ್ನು ಒಮ್ಮೆ ಕೇಳಿಸಿಕೊಳ್ಳಿ.

ನಾನು ಹುಟ್ಟಿದ್ದು ಬೆಚ್ಚಗಿನ, ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ. ಸಾಸಿವೆ ಕಾಳಿಗಿಂತ ಸಣ್ಣ ಜೀವಿಗಳು ಅಲ್ಲಿ ಚಿಪ್ಪು ಕಟ್ಟಿಕೊಂಡು ಬದುಕಿ, ಸತ್ತು, ತಳಕ್ಕೆ ಉದುರುತ್ತಿದ್ದವು. ಆ ಚಿಪ್ಪುಗಳ ಪುಡಿ ಒಂದರ ಮೇಲೊಂದು ಕೂತು, ಒತ್ತಿ, ಗಟ್ಟಿಯಾಗಿ ನಾನಾದೆ. ಸುಣ್ಣದ ಕಲ್ಲು. ನೋಡಲು ಗಟ್ಟಿ, ಒಳಗೆ ಲಕ್ಷಾಂತರ ಕಿರುಕೋಣೆಗಳು. ಆ ಕೋಣೆಗಳಲ್ಲಿ ಮೊದಲು ಇದ್ದದ್ದು ಸಮುದ್ರದ ನೀರು. ನೀರು ನನ್ನ ಗೋಡೆಗಳಿಗೆ ಮೈತಾಗಿಸಿಕೊಂಡು, ಮೂಲೆ ಮೂಲೆಯಲ್ಲೂ ಹರಡಿಕೊಂಡು ಇರುತ್ತಿತ್ತು. ಅದೇ ನನ್ನ ತವರು.

ಆಮೇಲೆ ಎಣ್ಣೆ ಬಂತು. ಕೆಳಗಿನ ಕಪ್ಪು ಕೆಸರಿನ ಪದರಗಳಲ್ಲಿ ಬೆಂದು ಹುಟ್ಟಿದ ಎಣ್ಣೆ ಮೇಲೇರುತ್ತಾ ಬಂದು, ನನ್ನನ್ನು ಕೇಳದೆ, ನೀರನ್ನು ಮೂಲೆಗೆ ತಳ್ಳಿ ಕೋಣೆ ಹಿಡಿಯಿತು. ಆ ಎಣ್ಣೆಯಲ್ಲಿ ಒಂದು ಹುಳಿ ಅಂಶವಿತ್ತು. ಹುಳಿಗೆ ಸುಣ್ಣ ಕಂಡರೆ ಬಿಡಲಾರದ ಮೋಹ. ಅದು ನನ್ನ ಗೋಡೆಗೆ ಕಚ್ಚಿಕೊಂಡಿತು. ಎಣ್ಣೆ ಕುಡಿದು ಪಳಗಿದ ಹಂಚಿನ ಮೇಲೆ ನೀರು ಚಿಮುಕಿಸಿದರೆ ಅದು ಹರಡದೆ ಮಣಿಯಾಗಿ ಉರುಳುತ್ತದಲ್ಲ, ನನ್ನ ಮೈ ಹಾಗಾಯಿತು. ತವರಿನ ನೀರೇ ನನ್ನಲ್ಲಿ ಪರದೇಶಿಯಾಯಿತು. ಹೀಗೆ ಎಷ್ಟೋ ಕಾಲ ಕಳೆಯಿತು. ಕಾಲ ಎಣಿಸುವವರು ಆಗ ಇನ್ನೂ ಹುಟ್ಟಿರಲಿಲ್ಲ.

ಒಂದು ದಿನ ಟೊಳ್ಳು ಬಾಯಿಯ ಬೈರಿಗೆಯೊಂದು ಮೇಲಿನಿಂದ ಕೊರೆಯುತ್ತಾ ಬಂತು. ನನ್ನನ್ನು ಉದ್ದದ ಕಂಬದಂತೆ ಕೊರೆದು, ಸಮುದ್ರದ ನಡುವೆ ನಿಂತ ಕಬ್ಬಿಣದ ಅಟ್ಟದ ಮೇಲಕ್ಕೆ ಎಳೆದುಕೊಂಡಿತು. ಮೊದಲ ಬಾರಿ ಬಿಸಿಲು ಕಂಡೆ. ಒಬ್ಬ ಅಧಿಕಾರಿ ನನ್ನನ್ನು ಮೂಗಿನ ಹತ್ತಿರ ಹಿಡಿದು ಆಸೆಯಿಂದ ಮೂಸಿದ. ಆಮೇಲೆ ಎಲ್ಲಿಯೋ ಒಂದು ಗೋದಾಮಿನಲ್ಲಿ ಕಂಬವನ್ನು ತುಂಡರಿಸಿದರು. ನಾನು ಲಟ್ಟಣಿಗೆಯ ಹಿಡಿಯಷ್ಟು ದಪ್ಪ, ಬೆರಳುದ್ದದ ಒಂದು ತುಂಡಾದೆ. ಮೈಮೇಲೆ ನಲವತ್ತೇಳು ಎಂದು ಬರೆದರು. ನನ್ನ ಪಕ್ಕದಲ್ಲೇ ಕೊರೆದ ತುಂಡಿಗೆ ನಲವತ್ತೆಂಟು. ಅವಳು ನನ್ನ ತಂಗಿ. ಒಂದೇ ಹೊಟ್ಟೆ, ಒಂದೇ ಚಿಪ್ಪು, ಒಂದೇ ಎಣ್ಣೆ.

ಅಲ್ಲಿಯ ಎಣ್ಣೆ ಕಂಪನಿಯವರು ನನ್ನನ್ನು ಉಕ್ಕಿನ ಕೊಳವೆಯೊಳಗೆ ಬಿಗಿದು, ಒಂದು ಕಡೆಯಿಂದ ನೀರು ನುಗ್ಗಿಸಿದರು. ಎಣ್ಣೆ ಕಕ್ಕು ಎಂದರು. ದೊಡ್ಡ ಕೋಣೆಗಳಲ್ಲಿ ಸಡಿಲವಾಗಿದ್ದಷ್ಟು ಹೋಯಿತು. ಗೋಡೆಗೆ ಕಚ್ಚಿದ್ದು ಹೋಗಲಿಲ್ಲ. ಒತ್ತಡ ಹೆಚ್ಚಿಸಿದರು. ನೀರು ತನಗೊಂದು ದಾರಿ ಮಾಡಿಕೊಂಡು ಈ ಕಡೆ ನುಗ್ಗಿ ಆ ಕಡೆ ಬಿತ್ತು, ನನ್ನ ಎಣ್ಣೆ ನನ್ನಲ್ಲೇ ಉಳಿಯಿತು. ತಳ್ಳಿದರೆ ಬರುವ ಜಾತಿ ನನ್ನದಲ್ಲ.

ಅವರಿಗೂ ಒಂದು ಸಂಕಟವಿತ್ತು. ಸಮುದ್ರದಡಿಯ ಇಡೀ ಬಾವಿಯ ಕಥೆ ನನ್ನಂತೆಯೇ: ನೀರು ನುಗ್ಗಿಸುತ್ತಾರೆ, ನೀರೇ ವಾಪಸು ಬರುತ್ತದೆ, ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಿಗೆ ಅಂಟಿ ಕೂತಿದೆ. ಯಾವ ನೀರು ನುಗ್ಗಿಸಬೇಕು ಎಂಬುದರ ಮೇಲೆ ಅವರಲ್ಲಿ ಎರಡು ಪಕ್ಷ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಎಂಬ ಉಪ್ಪಿದೆ, ಅದು ಕೊಳವೆಯಲ್ಲಿ ಗಾರೆ ಕಟ್ಟಿಸುತ್ತದೆ, ಆದ್ದರಿಂದ ಅದನ್ನು ತೆಗೆದೇ ನೀರು ಬಿಡಬೇಕು ಎಂದು ಒಬ್ಬರು. ಆ ಉಪ್ಪೇ ಕಲ್ಲಿನಿಂದ ಎಣ್ಣೆ ಬಿಡಿಸುವುದು, ಅದನ್ನೇ ತೆಗೆದರೆ ಏನು ಉಳಿಯಿತು ಎಂದು ಇನ್ನೊಬ್ಬರು. ಜಗಳ ಬಗೆಹರಿಸಲು ನಮ್ಮಿಬ್ಬರನ್ನೂ ಹತ್ತಿಯಲ್ಲಿ ಸುತ್ತಿ ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸಿದರು.

ಅಲ್ಲಿ ಡಬ್ಬಿ ತೆರೆದ ಕೈ ಜಗದೇವಿಯದು.

ಜಗದೇವಿ ಆ ಲ್ಯಾಬಿನ ಅಟೆಂಡರ್. ನಲವತ್ತಾರು ವಯಸ್ಸು. ಹದಿನೆಂಟು ವರ್ಷದಿಂದ ಬಾಟಲಿ ತೊಳೆಯುವುದು, ಉಪ್ಪು ತೂಗುವುದು, ನೀರು ಕಲಸುವುದು ಅವಳ ಕೆಲಸ. ಶಹಾಬಾದಿನವಳು. ತಾಯಿ ಗುರುಬಾಯಿ ಮೂವತ್ತು ವರ್ಷ ಅಲ್ಲಿಯ ಹಾಸುಗಲ್ಲುಗಳಿಗೆ ಪಾಲಿಶ್ ಹಾಕಿದವಳು. ಲ್ಯಾಬಿನ ನೆಲವೂ ಶಹಾಬಾದಿ ಕಲ್ಲಿನದೇ. ಸುಣ್ಣದ ಕುಲವೇ ಆದ್ದರಿಂದ ಆ ನೆಲ ನನಗೆ ದೂರದ ನೆಂಟ. ಆದರೆ ಮೈಯಲ್ಲಿ ಒಂದು ರಂಧ್ರವೂ ಇಲ್ಲದ ಬಿಗಿ ಮನುಷ್ಯ, ಮಾತಿಗೆ ಸಿಗುವವನಲ್ಲ.

ಲ್ಯಾಬಿನ ಯಜಮಾನರು ಹೇರೂರ ಸರ್. ಓದಿಕೊಂಡವರು. ಕೆಟ್ಟವರಲ್ಲ, ಆದರೆ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡ ಅಭ್ಯಾಸವಿಲ್ಲದವರು. ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ನುಸ್ರತ್.

ಮೊದಲು ನಮ್ಮಿಬ್ಬರ ಎರಡೂ ತುದಿಗಳನ್ನು ಕತ್ತರಿಸಿ ಸಮ ಮಾಡಿದರು. ಆ ಹೋಳುಗಳನ್ನು ಬಿಸಾಡಲು ಜಗದೇವಿಗೆ ಮನಸ್ಸಾಗಲಿಲ್ಲ. ನಂತರ ಘಾಟು ವಾಸನೆಯ ದ್ರಾವಕದಲ್ಲಿ ನಮ್ಮನ್ನೂ ಹೋಳುಗಳನ್ನೂ ದಿನಗಟ್ಟಲೆ ತೊಳೆದರು. ಗೋಡೆಗೆ ಕಚ್ಚಿದ ಎಣ್ಣೆ, ಅದರ ಹುಳಿ, ನನ್ನ ನೆನಪು ಎಲ್ಲ ಬಿಟ್ಟುಹೋಯಿತು. ಹುಟ್ಟಿದಾಗಿನ ಹಾಗೆ ಬೋಳಾದೆ. ನನ್ನೊಳಗೆ ಆಳದ ಬಾವಿಯಂಥ ಉಪ್ಪುನೀರು ತುಂಬಿ, ಅದನ್ನು ತಳ್ಳಿ ಮತ್ತೆ ಎಣ್ಣೆ ತುಂಬಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಣ್ಣೆ ತುಂಬಿದ ಮಾತ್ರಕ್ಕೆ ಕಲ್ಲು ಎಣ್ಣೆಯದಾಗುವುದಿಲ್ಲ. ಹುಳಿ ಗೋಡೆಗೆ ಹತ್ತಲು ಕಾಲ ಬೇಕು. ಅದಕ್ಕೇ ನಮ್ಮಂಥವರನ್ನು ಎಣ್ಣೆಯ ಜಾಡಿಯಲ್ಲಿ ಮುಳುಗಿಸಿ, ಬಿಸಿ ಪೆಟ್ಟಿಗೆಯಲ್ಲಿ ನಲವತ್ತು ದಿನ ಇಡುವುದು ಕ್ರಮ. ಜಗದೇವಿ ನನ್ನನ್ನು ಹಾಗೆ ಇಟ್ಟಳು. ನನ್ನ ಕತ್ತರಿಸಿದ ಹೋಳೊಂದನ್ನೂ ಜೊತೆಗೆ ಹಾಕಿದಳು. ಜಾಡಿಯ ಮುಚ್ಚಳ ಬಿಗಿಯುತ್ತಾ ನುಸ್ರತ್‌ಗೆ ಹೇಳಿದಳು: "ಬಾಣಂತಿ ಇದ್ದಂಗ ಇದು. ನಲವತ್ತು ದಿನ ಗಾಳಿ ಸುದ್ದಾ ತಾಗಬಾರದು."

ನಲವತ್ತೆಂಟನ್ನೂ ಹಾಗೇ ಇಡಬೇಕಿತ್ತು. ಆದರೆ ಅಷ್ಟರಲ್ಲಿ ಕಂಪನಿಯಿಂದ ಫೋನ್ ಬಂತು, ಫಲಿತಾಂಶ ಬೇಗ ಬೇಕು ಎಂದು. ಹೇರೂರ ಸರ್ ನುಸ್ರತ್‌ಗೆ ಹೇಳಿದರು: "ಇದೊಂದು ನೆನಿಸೋದು ಬಿಡು. ಎಣ್ಣಿ ತುಂಬೇದ ಇಲ್ಲ? ಸೀದಾ ನೀರಿಗಿ ಹಾಕು. ಕಲ್ಲು ಕಲ್ಲೇ ಅಲ್ಲೇನು."

ತಂಗಿಯನ್ನು ಒಂದು ಗಾಜಿನ ಬುರುಡೆಯಲ್ಲಿಟ್ಟು ಸಲ್ಫೇಟ್ ಇಲ್ಲದ ಉಪ್ಪುನೀರು ತುಂಬಿದರು. ಲ್ಯಾಬಿನವರು ಬಾಟಲಿ ಎನ್ನುವ ಆ ಬುರುಡೆಯ ಕೊರಳ ಮೇಲೆ ಅಳತೆಯ ಗೀಟುಗಳಿರುತ್ತವೆ. ಕಲ್ಲು ನೀರು ಕುಡಿದರೆ ಎಣ್ಣೆ ಹೊರಬಿದ್ದು ಮೇಲೆ ಬಂದು ಕೊರಳಲ್ಲಿ ನಿಲ್ಲುತ್ತದೆ. ತೊಳೆದ ಮೈಯ ತಂಗಿ ನೀರು ಕಂಡದ್ದೇ ತವರು ಕಂಡವಳಂತೆ ಕುಡಿದುಬಿಟ್ಟಳು. ಎರಡೇ ದಿನದಲ್ಲಿ ನೂರಕ್ಕೆ ನಲವತ್ತು ಪಾಲು ಎಣ್ಣೆ ಹೊರಬಂತು. ಆಮೇಲೆ ಸಮುದ್ರದ ನೀರು ಹಾಕಿದಾಗ ಹೆಚ್ಚಿಗೆ ಏನೂ ಬರಲಿಲ್ಲ. ಹೇರೂರ ಸರ್ ಹಿಗ್ಗಿದರು. ನೀರು ಯಾವುದಾದರೇನು, ಕಲ್ಲಿಗೆ ಎಲ್ಲಾ ಒಂದೇ, ಸಲ್ಫೇಟ್ ತೆಗೆದರೂ ನಷ್ಟವಿಲ್ಲ ಎಂದು ಕಂಪನಿಗೆ ಫೋನಿನಲ್ಲೇ ಹೇಳಿಬಿಟ್ಟರು.

ನಲವತ್ತು ದಿನ ತುಂಬಿ ನಾನು ಜಾಡಿಯಿಂದ ಹೊರಬಂದೆ. ಮೊದಲು ಸಲ್ಫೇಟ್ ಇಲ್ಲದ ನೀರು. ನೂರಕ್ಕೆ ಎಂಟು ಬಿಟ್ಟೆ, ಅಷ್ಟೇ. ಹತ್ತು ದಿನ ಕಾದರೂ ಅಷ್ಟೇ. ಆಮೇಲೆ ಜಗದೇವಿ ಸಮುದ್ರದ ನೀರಿನ ಅಳತೆಗೆ ಸರಿಯಾಗಿ ಉಪ್ಪುಗಳನ್ನು ತೂಗಿ, ಸಲ್ಫೇಟ್ ಹಾಕಿ, ಕಲಸಿ, ನನ್ನ ಬುರುಡೆಗೆ ತುಂಬಿ ಬಿಸಿ ಪೆಟ್ಟಿಗೆಯಲ್ಲಿಟ್ಟಳು. ಮೂರನೆಯ ದಿನ ನನ್ನ ಮೈಮೇಲೆ ಒಂದು ಕಪ್ಪು ಹನಿ ಮೂಡಿತು. ಮತ್ತೊಂದು. ಎರಡು ವಾರದಲ್ಲಿ ನೂರಕ್ಕೆ ಮೂವತ್ತು ದಾಟಿತು. ಅವಳು ದಿನಾ ಗೀಟು ಓದಿ ನೋಟ್‌ಬುಕ್ಕಿನಲ್ಲಿ ಬರೆದಳು.

ಹೇರೂರ ಸರ್ ಆ ನೋಟ್‌ಬುಕ್ ನೋಡಿದ್ದು ಒಂದು ಸೋಮವಾರ.

"ಜಗದೇವಿ, ಈ ಬಾಟಲಿ ಯಾರ್ ತೊಳದಾರ?"

"ನಾನೇ ತೊಳದೀನ್ರಿ ಸರ."

"ಸೋಪಿನ ಪುಡಿಲಿಂದ?"

"ಹೌದ್ರಿ. ಆಮ್ಯಾಲ ಮೂರು ನೀರು ಹಾಕೀನಿ. ಕಡೀಕ ಡಿಸ್ಟಿಲ್ಡ್ ನೀರು."

"ಮೂರು ಹಾಕಿದ್ದಿಯೋ, ಎರಡೇ ಹಾಕಿದ್ದಿಯೋ, ಯಾರ್ ನೋಡ್ಯಾರ?"

"ಬಾಟಲಿ ನೋಡ್ಯದ್ರಿ."

ನುಸ್ರತ್ ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಸರ್ ನಗಲಿಲ್ಲ. "ಸೋಪು ಉಳದದ. ಸೋಪಿದ್ರ ಎಣ್ಣಿ ಬಿಟ್ಟೇ ಬಿಡ್ತದ, ಮನ್ಯಾಗ ಬೋಗಾಣಿ ತಿಕ್ಕೋರಿಗಿ ಇದು ಗೊತ್ತಿರಬೇಕು. ಈ ರಿಸಲ್ಟ್ ನಡಿಯಲ್ಲ." ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದಿಟ್ಟರು. "ಬಾಟಲಿ ಸರಿಯಾಗಿ ತೊಳಿದೇ ತಪ್ಪಾಗ್ಯದ, ಇನ್ನೊಮ್ಮೆ ಹಂಗ ಆಗಲ್ಲ, ಕ್ಷಮಿಸಬೇಕು ಅಂತ ಬರದು ಸಹಿ ಮಾಡಿ ಕೊಡು. ರಿಪೋರ್ಟಿಗಿ ಹಚ್ಚಿ ಕಳಿಸ್ತೀನಿ. ಮಾರ್ಚಿನಾಗ ನಿನ್ನ ಕಾಗದಾನೂ ನನ್ನ ಕಡೀನೇ ಬರ್ತದ, ಗೊತ್ತದಲ್ಲ."

ಅವಳ ಕೆಲಸ ಕಾಯಂ ಅಲ್ಲ. ವರ್ಷ ವರ್ಷ ಮಾರ್ಚ್ ತಿಂಗಳಲ್ಲಿ ಹೇರೂರ ಸರ್ ಸಹಿ ಬಿದ್ದರೆ ಮಾತ್ರ ಮುಂದಿನ ವರ್ಷ ಒಳಗೆ ಬರಬಹುದು. ಜಗದೇವಿ ಹಾಳೆಯನ್ನು ತೆಗೆದುಕೊಂಡಳು. ಬರೆಯಲಿಲ್ಲ. ಹರಿಯಲೂ ಇಲ್ಲ. ತನ್ನ ಖಾನೆಯಲ್ಲಿಟ್ಟಳು.

ಮಧ್ಯಾಹ್ನ ನುಸ್ರತ್ ಅವಳ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ತಾನು ನನ್ನ ತಂಗಿಯನ್ನು ನೆನೆಸದೆ ಹಾಕಿದ್ದು ಅವಳಿಗೆ ಚುಚ್ಚುತ್ತಿತ್ತು. ಬಾಯಿ ಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಅವಳ ಪದವಿಯೂ ಅದೇ ಸಹಿಯ ಕೆಳಗಿತ್ತು. "ಅಕ್ಕಾ, ಬರದು ಕೊಟ್ಟುಬಿಡ್ರಿ. ಎರಡು ಸಾಲಿನ ಮಾತು."

ಜಗದೇವಿ ನನ್ನ ಬುರುಡೆಯನ್ನು ಒರೆಸುತ್ತಿದ್ದಳು. ಒರೆಸುತ್ತಲೇ ಹೇಳಿದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ ಎಂದು ಅವಳು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ್ದರಿಂದ ನನಗೆ ತಿಳಿಯಿತು.

"ನಮ್ಮ ಮಾವ ಹಿತ್ತಲದಾಗ ಬೋರ್ ಹಾಕ್ಸಿದ್ದ. ಊರಿಗೇ ಮೊದಲನೇ ಬೋರು. ದಿನಾ ಮುಂಜಾನಿ ಅದರ ಮುಂದ ಕುರ್ಚಿ ಹಾಕ್ಕೊಂಡು ಕೂಡ್ತಿದ್ದ, ಹೋಗಿ ಬರೋರಿಗಿ ಕಾಣಲಿ ಅಂತ. ಸವಳು ನೀರು. ಅದರಾಗ ತೊಗರಿಬ್ಯಾಳಿ ಎರಡು ತಾಸು ಕುದಸಿದ್ರೂ ಬೇಯ್ತಿದ್ದಿಲ್ಲ. ಸೊಸಿ ಕೈಗುಣ ಛಲೋ ಇಲ್ಲ ಅಂದ್ರು."

"ನೀರು ಸವಳು ಅಂತ ಮನ್ಯಾಗ ಯಾರಿಗೂ ಗೊತ್ತಿದ್ದಿಲ್ಲೇನ್ರಿ?"

"ಎಲ್ಲರಿಗೂ ಗೊತ್ತಿತ್ತು. ಬೋರಿಗಿ ಅನ್ನಲಾಕ ಬರಲ್ಲ. ಸೊಸಿಗಿ ಅನ್ನಲಾಕ ಬರ್ತದ."

"ಭಾವ ಏನಂತಿದ್ರು?"

"ಅಂವ ಉಣ್ತಿದ್ದ." ಜಗದೇವಿ ಬಟ್ಟೆ ಹಿಂಡಿದಳು. "ಹನ್ನೊಂದು ಸರ್ತಿ ಮಾವನ ಕಾಲಿಗಿ ಬಿದ್ದು ತಪ್ಪಾಯ್ತು ಅಂದೀನಿ. ಹನ್ನೆರಡನೇ ಸರ್ತಿ ಕೊಡ ತಗೊಂಡು ಹೊಲದ ಬಾವಿಗಿ ಹೋದೆ. ಸಿಹಿ ನೀರು ತಂದು ಬ್ಯಾಳಿ ಇಟ್ಟೆ. ಬೆಣ್ಣಿ ಆದಂಗ ಆಯ್ತು. ಎಲ್ಲರೂ ಎರಡೆರಡು ಸರ್ತಿ ನೀಡಿಸ್ಕೊಂಡು ಉಂಡರು. ಕೈ ತೊಳೀತಾ ಅತ್ತಿ ಅಂದಳು, ಈ ಸಲ ಬ್ಯಾಳಿ ಛಲೋದು ಬಂದದ ಅಂತ. ಬ್ಯಾಳಿ ಛಲೋದು. ಮರದಿನ ನಾ ಚೀಲ ಕಟ್ಟಿದೆ."

ಗಂಡ ಹೊಡೀತಿದ್ದನೇ, ಕುಡೀತಿದ್ದನೇ ಎಂದು ಇಪ್ಪತ್ತು ವರ್ಷ ಜನ ಅವಳನ್ನು ಕೇಳಿದ್ದರು. ತಳ್ಳಿ ತಳ್ಳಿ ಕೇಳಿದ್ದರು. ಬೇಳೆಯ ಸಲುವಾಗಿ ಬಿಟ್ಟುಬಂದೆ ಎಂದರೆ ನಗುತ್ತಾರೆಂದು ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನುಸ್ರತ್ ನಗಲಿಲ್ಲ. ಅವಳು ತಳ್ಳಿರಲೂ ಇಲ್ಲ, ಸುಮ್ಮನೆ ಪಕ್ಕದಲ್ಲಿ ಕೂತಿದ್ದಳು.

"ನೀರಿನ ತಪ್ಪಿಗಿ ಹನ್ನೊಂದು ಸರ್ತಿ ಕ್ಷಮಾ ಕೇಳೀನಿ ನುಸ್ರತ್. ಇದು ನೀರಿನ ತಪ್ಪೂ ಅಲ್ಲ. ಈ ನೀರು ಬರೋಬ್ಬರಿ ಇತ್ತು. ನಾ ಬರಿಯಲ್ಲ."

ಮರುದಿನ ಜಗದೇವಿ ಬುತ್ತಿ ಮರೆತು ಬಂದಿದ್ದಳು. ಗುರುಬಾಯಿ ಅದನ್ನು ಹಿಡಿದುಕೊಂಡು ಲ್ಯಾಬಿಗೇ ಬಂದಳು. ಸೊಂಟ ಬಾಗಿದ ಮುದುಕಿ, ಬೆರಳುಗಳ ತುದಿ ಕಲ್ಲುಜ್ಜಿ ಚಪ್ಪಟೆಯಾಗಿವೆ. ಮಗಳ ಮುಖ ನೋಡಿದ್ದೇ ಶುರುಮಾಡಿದಳು.

"ಏ ಖೋಡಿ, ಒಂದು ಹಾಳಿ ಬರದ್ರ ನಿನ್ನ ಕೈ ಸವೀತದೇನ? ಕೆಲಸ ಹೋದ್ರ ಮತ್ತ ಎಲ್ಲಿ ತಿರಗ್ತಿ?"

"ನೀನೇ ಅಲ್ಲೇನಬೇ ಆಗೂ ಹಂಗೇ ಅಂದಾಕಿ? ತಪ್ಪಾಯ್ತು ಅನ್ನು, ಮನಿ ಉಳಿಸ್ಕೋ ಅಂತ."

ಮುದುಕಿ ಎದುರು ಸಿಕ್ಕ ಸ್ಟೂಲಿನ ಮೇಲೆ ಕೂತಳು. ಮೇಜಿನ ಮೇಲೆ ನನ್ನ ಎರಡು ಹೋಳುಗಳಿದ್ದವು: ಒಂದು ನನ್ನ ಜೊತೆ ಎಣ್ಣೆಯಲ್ಲಿ ನಲವತ್ತು ದಿನ ಕಳೆದದ್ದು, ಇನ್ನೊಂದು ತೊಳೆದ ಮೇಲೆ ಖಾನೆಯಲ್ಲಿ ಒಣಗಿಯೇ ಇದ್ದದ್ದು. ಕಲ್ಲು ಕಂಡರೆ ಸುಮ್ಮನಿರುವ ಕೈ ಅವಳದಲ್ಲ. ಶಹಾಬಾದಿನಲ್ಲಿ ಪಾಲಿಶ್ ಹಾಕುವವರಿಗೆ ಒಂದು ರೂಢಿ: ಕಲ್ಲು ಎತ್ತಿದ ಕೂಡಲೇ ಹೆಬ್ಬೆರಳು ಒದ್ದೆ ಮಾಡಿಕೊಂಡು ಒಮ್ಮೆ ಒತ್ತುವುದು. ಹಸಿ ಹೇಗೆ ಹರಡುತ್ತದೆ ಎಂಬುದರ ಮೇಲೆ ಕಲ್ಲಿನ ಗುಣ ಹೇಳುತ್ತಾರೆ. ಗುರುಬಾಯಿ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒಣ ಹೋಳಿನ ಮೇಲೆ ಒತ್ತಿದಳು. ಎಣ್ಣೆಯ ಹೋಳನ್ನು ಸೆರಗಿನಿಂದ ಒರೆಸಿ ಅದರ ಮೇಲೂ ಒತ್ತಿದಳು.

"ಇವೆರಡು ಬ್ಯಾರೆ ಬ್ಯಾರೆ ಖಣಿ ಕಲ್ಲೇನು?"

"ಒಂದೇ ಕಲ್ಲಬೇ. ಒಂದೇ ತುಂಡಿನ ಎರಡು ತುದಿ."

"ಸುಳ್ಳ ಹೇಳಬ್ಯಾಡ. ಇದಕ್ಕ ಹಸಿ ಹತ್ತತದ, ಇದಕ್ಕ ಹತ್ತವಲ್ದು. ಒಂದೇ ಆದ್ರ ಹಿಂಗ್ಯಾಕ?"

ಜಗದೇವಿ ತಾಯಿಯ ಹೆಬ್ಬೆರಳನ್ನೇ ನೋಡುತ್ತಾ ನಿಂತಳು. ಬಿಸಿ ಪೆಟ್ಟಿಗೆಯಲ್ಲಿ ನಲವತ್ತೆಂಟರ ಜಾಡಿಯನ್ನು ತಾನು ಒಂದು ದಿನವೂ ಕಂಡಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಆಮೇಲೆ ಆ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುದುಕಿಗೆ ಏನೂ ಅರ್ಥವಾಗಲಿಲ್ಲ. "ಬಿಡ, ಎಂಜಲದ" ಎಂದಳು.

ಹೇರೂರ ಸರ್ ಬಂದಾಗ ಮೇಜಿನ ಮೇಲೆ ಎರಡೂ ಹೋಳುಗಳನ್ನು ಬಿಳಿ ತಟ್ಟೆಯಲ್ಲಿಟ್ಟು ಜಗದೇವಿ ಕಾಯುತ್ತಿದ್ದಳು.

"ಬರದಿಯೇನು?"

"ಇಲ್ರಿ ಸರ. ಒಂದು ನಿಮಿಷ ಇದು ನೋಡ್ರಿ."

ಪಿಪೆಟ್ಟಿನಿಂದ ಒಣ ಹೋಳಿನ ಮೇಲೆ ಒಂದು ಹನಿ ನೀರು ಬಿಟ್ಟಳು. ಹನಿ ಕಣ್ಣು ಮಿಟುಕಿಸುವಷ್ಟರಲ್ಲಿ ಹರಡಿ, ಇಂಗಿ, ಕಾಣದಾಯಿತು. ಎಣ್ಣೆಯಲ್ಲಿ ನೆಂದ ಹೋಳಿನ ಮೇಲೆ ಒಂದು ಹನಿ ಬಿಟ್ಟಳು. ಅದು ಕೆಸುವಿನ ಎಲೆಯ ಮೇಲಿನ ನೀರಿನಂತೆ ದುಂಡಗೆ ಕೂತಿತು. ಕೂತೇ ಇತ್ತು.

"ಬಾವ್ಯಾಗಿನ ಕಲ್ಲು ಯಾವದರಂಗ ಇರ್ತದ್ರಿ ಸರ? ಈ ದುಂಡನ ಹನಿ ಹಂಗ. ನಲವತ್ತೆಂಟು ಹಿಂಗಿತ್ತು," ಎಂದು ಒಣ ಹೋಳನ್ನು ತೋರಿಸಿದಳು. "ತೊಳದ ಕಲ್ಲಿಗಿ ಯಾವ ನೀರು ಹಾಕಿದ್ರೂ ಕುಡೀತದ. ಅದಕ್ಕೇ ಅದಕ್ಕ ಎಲ್ಲಾ ನೀರೂ ಒಂದೇ ಆಯ್ತು."

"ಅದನ್ನ ನೆನಸಿದ್ದಿಲ್ಲ ಅಂತ ನಿನಗ್ಯಾರು ಹೇಳಿದ್ರು?"

ಜಗದೇವಿ ಉತ್ತರ ಕೊಡಲಿಲ್ಲ. ನುಸ್ರತ್‌ಳ ಹೆಸರು ಅವಳ ಬಾಯಿಂದ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ತಳ್ಳಿದರೆ ಬರುವ ಜಾತಿಯಲ್ಲ ಅವಳೂ. 

"ನಾನೇ ಸರ್," ಎಂದಳು ನುಸ್ರತ್, ಕಿಟಕಿಯ ಹತ್ತಿರದಿಂದ. "ನೆನೆಸದೇ ಹಾಕಿದಾಕಿ ನಾನೇ. ನೀವು ಬಿಡು ಅಂದಿದ್ರಿ, ನಾ ಬಿಟ್ಟೆ. ನನ್ನ ನೋಟ್‌ಬುಕ್ಕಿನಾಗ ತಾರೀಖು ಅದ."

ಹೇರೂರ ಸರ್ ದುಂಡಗೆ ಕೂತ ಹನಿಯನ್ನೇ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಅವರೊಳಗಿನ ಓದಿದ ಮನುಷ್ಯನಿಗೂ ಫೋನು ಮಾಡಿದ ಮನುಷ್ಯನಿಗೂ ಸ್ವಲ್ಪ ಹೊತ್ತು ತಿಕ್ಕಾಟ ನಡೆಯಿತು. ಓದಿದ ಮನುಷ್ಯ ಕೂದಲೆಳೆಯಲ್ಲಿ ಗೆದ್ದ. "ಎರಡೂ ಕಲ್ಲು ಮತ್ತೊಮ್ಮೆ ಮಾಡೋಣ," ಎಂದರು. "ಆದ್ರ ಬಾಟಲಿ ನಾ ತೊಳೀತೀನಿ. ಈ ಸಲ ಎಣ್ಣಿ ಬರಲಿಲ್ಲಂದ್ರ, ನೀ ಆ ಹಾಳಿ ಬರದು ಕೊಡಬೇಕು, ಮಾರ್ಚಿಗಿ ಬ್ಯಾರೆ ಕಡಿ ನೋಡ್ಕೋಬೇಕು."

"ಆಗಲ್ರಿ," ಎಂದಳು ಜಗದೇವಿ.

ಹೀಗೆ ಒಬ್ಬ ಹೆಂಗಸಿನ ಹದಿನೆಂಟು ವರ್ಷ ಬಂದು ನನ್ನ ಗೋಡೆಗೆ ಅಂಟಿಕೊಂಡಿತು.

ಹೇರೂರ ಸರ್ ಬಾಟಲಿ ತೊಳೆದದ್ದನ್ನು ನೀವು ನೋಡಬೇಕಿತ್ತು. ತೋಳು ಮಡಚದೆ ನಿಂತು ಅಂಗಿ ತೋಯಿಸಿಕೊಂಡರು. ಸೋಪಿನ ಪುಡಿ ಹಿಡಿಗಟ್ಟಲೆ ಹಾಕಿದರು. ಒಂದು ನೀರು ಹಾಕಿ ಬಾಟಲಿಯನ್ನು ಬೋರಲು ಹಾಕಲು ಹೋದರು.

"ಇನ್ನೊಂದು ನೀರು ಹಾಕ್ರಿ ಸರ," ಎಂದಳು ಜಗದೇವಿ, ಕೈಕಟ್ಟಿ ನಿಂತು.

ಹಾಕಿದರು.

"ಇನ್ನೊಂದು."

"ಮೂರಾಯ್ತಲ್ಲ?"

"ಎರಡ್ರಿ. ನಾ ನೋಡ್ಲಾಕತ್ತೀನಿ."

ನಮ್ಮನ್ನು ಮತ್ತೆ ತೊಳೆದರು, ತುಂಬಿದರು. ಈ ಸಲ ನಾನೂ ತಂಗಿಯೂ ಒಂದೇ ಜಾಡಿಯಲ್ಲಿ ನಲವತ್ತು ದಿನ ಎಣ್ಣೆಯಲ್ಲಿ ಕೂತೆವು. ತಂಗಿ ಮೊದಲ ವಾರ ಚಡಪಡಿಸಿದಳು. ನಾನು ಹೇಳಿದೆ: ಅವಸರ ಮಾಡಬೇಡ, ಹುಳಿ ಹತ್ತಲಿ, ಬಿಗಿಯಾಗಿ ಹಿಡಿದುಕೋ. ಹಿಡಿದುಕೊಳ್ಳಲು ಬಾರದವಳು ಬಿಟ್ಟದ್ದಕ್ಕೆ ಬೆಲೆಯೇನಿದೆ?

ಹೊರಗೆ ಫೆಬ್ರುವರಿ ಮುಗಿಯಿತು. ಜಗದೇವಿ ದಿನಾ ಬಂದು ಪೆಟ್ಟಿಗೆಯ ಬಿಸಿ ನೋಡಿ ಹೋಗುತ್ತಿದ್ದಳು. ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ ಜಾಡಿಯ ಮೇಲೆ ಅಂಗೈ ಇಟ್ಟು ನಿಂತಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡವರ ಹಾಗೆ.

ನಲವತ್ತೊಂದನೆಯ ದಿನ ನಮ್ಮನ್ನು ತೆಗೆದರು. ಸರ್ ತೊಳೆದ ಬುರುಡೆಗಳು, ಸರ್ ಎದುರಿಗೆ ತೂಗಿದ ಉಪ್ಪು. ಇಬ್ಬರಿಗೂ ಮೊದಲು ಸಲ್ಫೇಟ್ ಇಲ್ಲದ ನೀರು. ನಾನು ನೂರಕ್ಕೆ ಏಳು ಬಿಟ್ಟೆ. ಮೊದಲು ನಲವತ್ತು ಬಿಟ್ಟಿದ್ದ ತಂಗಿ ಈ ಸಲ ಒಂಬತ್ತಕ್ಕೆ ನಿಂತಳು. ಹೇರೂರ ಸರ್ ಆ ಗೀಟನ್ನು ಮೂರು ಸಲ ಓದಿದರು. ಆಮೇಲೆ ಸಮುದ್ರದ ನೀರು ತುಂಬಿ ಪೆಟ್ಟಿಗೆಯ ಬಾಗಿಲು ಹಾಕಿದರು.

ಒಂದು ದಿನ ಏನೂ ಇಲ್ಲ. ಎರಡು ದಿನ ಏನೂ ಇಲ್ಲ. ಹಿಂದೆ ಹನಿ ಮೂಡಿದ ಮೂರನೆಯ ದಿನವೂ ಏನೂ ಇಲ್ಲ. "ಮಾರ್ಚು ಬಂತು, ಜಗದೇವಿ," ಎಂದರು ಸರ್, ಬಾಗಿಲಲ್ಲಿ ನಿಂತು. ಅವಳು "ಹೌದ್ರಿ" ಎಂದಳು.

ಒಳಗೆ ಏನು ನಡೆಯುತ್ತಿತ್ತೆಂದು ನಾನು ಹೇಳಬಲ್ಲೆ. ಸಲ್ಫೇಟ್ ಬಂದು ನನ್ನ ಗೋಡೆಯ ಪಕ್ಕ ಕೂತಿತು. ತಳ್ಳಲಿಲ್ಲ, ಕಕ್ಕು ಎನ್ನಲಿಲ್ಲ. ಎಣ್ಣೆಯ ಹುಳಿಯನ್ನು ಎಳೆದು ಹಿಡಿದುಕೊಳ್ಳುವ ಒಂದು ಬಿಗಿ ನನ್ನ ಸುಣ್ಣದ ಮೈಯಲ್ಲೇ ಇದೆ. ಸಲ್ಫೇಟ್ ಆ ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿತು. ಅದರ ಬೆನ್ನಿಗೆ ನೀರಿನಲ್ಲಿದ್ದ ಕ್ಯಾಲ್ಸಿಯಂ ಮೆಲ್ಲಗೆ ಬಂದು, ನನ್ನನ್ನು ಕಚ್ಚಿದ್ದ ಹುಳಿಯ ಕೈಯನ್ನು ತಾನು ಹಿಡಿದುಕೊಂಡು ಬಿಡಿಸಿತು. ಬಿಸಿಯಿಲ್ಲದಿದ್ದರೆ ಇದಾಗದು, ಅವಸರದಲ್ಲಂತೂ ಆಗದು. ಬಿಟ್ಟ ಜಾಗಕ್ಕೆ ನೀರು ಬಂತು. ಎಷ್ಟೋ ಯುಗದ ಮೇಲೆ ತವರಿನ ನೀರು ನನ್ನ ಗೋಡೆಯನ್ನು ಮತ್ತೆ ಮುಟ್ಟಿತು. ಸೋತು ಕೊಟ್ಟದ್ದಲ್ಲ ಅದು. ನನ್ನ ಜೊತೆ ಮಾತಾಡಲು ಬಲ್ಲ ನೀರು ಬಂದಿತ್ತು, ನಾನು ಮಾತಾಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ನನ್ನ ಮೈಮೇಲೆಲ್ಲ ಕಪ್ಪು ಹನಿಗಳು, ಬೆವರಿನ ಹಾಗೆ. ತಂಗಿಯ ಮೈಮೇಲೂ. ಒಂದು ಹನಿ ನೋಡುತ್ತಿದ್ದಂತೆಯೇ ಬಿಟ್ಟು ಮೇಲೇರಿ ಕೊರಳಿಗೆ ಸೇರಿತು. ನುಸ್ರತ್ ಜಗದೇವಿಯ ಮೊಣಕೈ ಹಿಡಿದಳು. ಎರಡು ವಾರದಲ್ಲಿ ನಾನು ಮೂವತ್ತೊಂದಕ್ಕೆ ಬಂದೆ, ತಂಗಿ ಇಪ್ಪತ್ತೊಂಬತ್ತಕ್ಕೆ.

ಕೊನೆಯ ಗೀಟು ಓದಿ ಹೇರೂರ ಸರ್ ಪೆನ್ನಿನ ಮುಚ್ಚಳ ಹಾಕಿದರು. ತಲೆದೂಗಿದರು. ಮುಖದಲ್ಲಿ ನಿಜವಾದ ಸಂತೋಷವೇ ಇತ್ತು.

"ಈ ಸಲ ಕಲ್ಲು ಛಲೋ ಕೆಲಸ ಮಾಡ್ಯದ," ಎಂದರು.

ಜಗದೇವಿಯೂ ನುಸ್ರತ್‌ಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಳೆ ಛಲೋದು ಬಂದದ ಎಂಬ ಮಾತು ಅವರಿಬ್ಬರ ನಡುವೆ ಬಂದು ನಿಂತದ್ದು ನನಗೆ ಕಂಡಿತು. ಇಪ್ಪತ್ತು ವರ್ಷದ ಹಿಂದೆ ಆ ಮಾತಿಗೆ ಅವಳು ಚೀಲ ಕಟ್ಟಿದ್ದಳು. ಈಗ ಕಟ್ಟಲಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಕಲ್ಲು ಆವತ್ತೂ ಛಲೋನೇ ಇತ್ರಿ ಸರ," ಎಂದಳು. "ನೀರೂ ಛಲೋ ಇತ್ತು. ಬಾಟಲಿನೂ. ತೊಳದಾಕಿನೂ."

ಹೇರೂರ ಸರ್ ತಮ್ಮ ಅಂಗಿಯ ತೋಳನ್ನು ನೋಡಿಕೊಂಡರು. ಆಮೇಲೆ ಹೊರಟುಹೋದರು. ಕ್ಷಮೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವರನ್ನು ಸಡಿಲಿಸುವ ನೀರು ಇನ್ನೂ ಯಾವ ಲ್ಯಾಬಿನಲ್ಲೂ ಸಿಕ್ಕಿಲ್ಲ. ಆದರೆ ತಂಗಿಯ ಮೊದಲ ಫಲಿತಾಂಶವನ್ನು ಹೊಡೆದುಹಾಕಿ, ನೆನೆಸದೆ ಮಾಡಿದ್ದರಿಂದ ತಪ್ಪಾಯಿತು ಎಂದು ತಾವೇ ಬರೆದು ಕಂಪನಿಗೆ ಕಳಿಸಿದರು. ಮಾರ್ಚ್ ಕೊನೆಗೆ ಜಗದೇವಿಯ ಕಾಗದದ ಮೇಲೆ ಸಹಿಯೂ ಬಿತ್ತು. ಒಂದು ವರ್ಷಕ್ಕೆ, ಎಂದಿನಂತೆ. ಬರುವ ಮಾರ್ಚಿನಲ್ಲಿ ಏನಾಗುತ್ತದೋ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ದೂರದ ಆ ಬಾವಿಗೆ ಕೊನೆಗೆ ಯಾವ ನೀರು ಬಿಟ್ಟರೋ ಅದೂ ಗೊತ್ತಿಲ್ಲ. ಅಲ್ಲಿ ನನ್ನ ದಾಯಾದಿಗಳಿದ್ದಾರೆ. ಅವರನ್ನು ತಳ್ಳಿ ಗೆದ್ದವರಿಲ್ಲ, ಅಷ್ಟು ಗೊತ್ತು.

ಕೆಲಸ ಮುಗಿದ ಕಲ್ಲನ್ನು ಕಾಲೇಜಿನ ಹಿಂದಿನ ಗುಂಡಿಗೆ ಎಸೆಯುವುದು ವಾಡಿಕೆ. ತಂಗಿಯನ್ನು ನುಸ್ರತ್ ಕೇಳಿ ತೆಗೆದುಕೊಂಡು ಹೋದಳು. ನನ್ನನ್ನು ಎಸೆಯಲು ಜಗದೇವಿ ಬಿಡಲಿಲ್ಲ. ಗುರುಬಾಯಿ ಆಮೇಲೆ ಒಂದು ಸಲ ಬಂದಾಗ ನನ್ನ ತಲೆಯ ಮೇಲೆ ಒದ್ದೆ ಹೆಬ್ಬೆರಳು ಒತ್ತಿ ನೋಡಿದಳು. ಅಲ್ಲಲ್ಲಿ ಹಸಿ ಹತ್ತಿತು, ಅಲ್ಲಲ್ಲಿ ಹತ್ತಲಿಲ್ಲ. "ಅರ್ಧ ಮಾತು ಕೇಳಾಕಿ ಇದು," ಎಂದಳು, ಮಗಳ ಕಡೆ ನೋಡುತ್ತಾ. ಹೌದು. ನೂರಕ್ಕೆ ಮೂವತ್ತೊಂದು ಕೊಟ್ಟಿದ್ದೇನೆ, ಉಳಿದದ್ದು ಇನ್ನೂ ನನ್ನೊಳಗೇ ಇದೆ. ಎಲ್ಲವನ್ನೂ ಕೊಡಬೇಕೆಂದು ಯಾರು ಹೇಳಿದರು?

ಈಗ ನಾನು ಲ್ಯಾಬಿನ ಕಿಟಕಿಯ ಪಕ್ಕ, ಅವಳ ಮೇಜಿನ ಮೂಲೆಯಲ್ಲಿದ್ದೇನೆ. ನನ್ನ ಅಡಿಯಲ್ಲಿ ಒಂದು ಹಾಳೆಯಿದೆ. ಹೇರೂರ ಸರ್ ಆ ಸೋಮವಾರ ಕೊಟ್ಟದ್ದು. ಗಾಳಿಗೆ ಹಾರದಿರಲಿ ಎಂದು ಅವಳು ನನ್ನನ್ನು ಅದರ ಮೇಲೆ ಕೂರಿಸಿದ್ದಾಳೆ. ಬಿಸಿಲಿಗೆ ಅಂಚು ಹಳದಿಯಾಗಿದೆ. ಬಂದವರು ಕೆಲವರು ಎತ್ತಿ ನೋಡುತ್ತಾರೆ, ಎರಡೂ ಬದಿ ತಿರುಗಿಸಿ ಮತ್ತೆ ಇಡುತ್ತಾರೆ. ಅದರ ಮೇಲೆ ಇವತ್ತಿಗೂ ಒಂದಕ್ಷರವಿಲ್ಲ. ನನ್ನ ಎಣ್ಣೆ ಇಳಿದು ಮೂಡಿದ ಒಂದು ದುಂಡನೆಯ ಉಂಗುರ ಮಾತ್ರ ಇದೆ.